ಹಡಗಿಗೆ ಬಿಸಿಲಿನ ಬಲ ಎಷ್ಟು?

ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಸಂಜೆ ನಿಂತು ಪಡುವಣಕ್ಕೆ ನೋಡಿದರೆ, ಬಂದರಿನೊಳಗೆ ಜಾಗ ಸಿಗುವುದನ್ನು ಕಾಯುತ್ತ ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳು ಕಾಣುತ್ತವೆ. ಕತ್ತಲು ಕವಿಯುತ್ತಿದ್ದಂತೆ ಅವುಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಹಡಗು ನಿಂತಲ್ಲೇ ನಿಂತಿದೆ, ಅದನ್ನು ಮುನ್ನಡೆಸುವ ಮುಖ್ಯ ಎಂಜಿನ್ ಆರಿದೆ. ಆದರೂ ಚಿಮಣಿಯಿಂದ ತೆಳ್ಳಗಿನ ಹೊಗೆಯೊಂದು ಏಳುತ್ತಲೇ ಇರುತ್ತದೆ. ಒಳಗಿರುವ ಇಪ್ಪತ್ತು ಇಪ್ಪತ್ತೈದು ನಾವಿಕರ ಅಡುಗೆಮನೆ, ಶೀತಲ ಕೋಣೆ, ಹವಾನಿಯಂತ್ರಣ, ರೇಡಾರ್, ಪಂಪುಗಳು, ಇಂಧನ ಗಟ್ಟಿಯಾಗದಂತೆ ಕಾಯಿಸಿಡುವ ವ್ಯವಸ್ಥೆ ಇವೆಲ್ಲಕ್ಕೂ ವಿದ್ಯುತ್ ಬೇಕಾಗಿರುವುದರಿಂದ ಜನರೇಟರ್ ಹಗಲಿರುಳೂ ಓಡುತ್ತಿರಬೇಕು. ಸಾಧಾರಣ ಗಾತ್ರದ ಸರಕು ಹಡಗೊಂದಕ್ಕೆ ಹೀಗೆ ಸುಮ್ಮನೆ ನಿಂತಿರುವಾಗಲೂ 300 ಕಿಲೊವ್ಯಾಟ್ ಆಸುಪಾಸಿನ ವಿದ್ಯುತ್ ಬೇಕೆಂದು ಹಿಡಿದರೆ ದಿನಕ್ಕೆ 7,200 ಯೂನಿಟ್ ಆಯಿತು, ಅದಕ್ಕೆ ಒಂದೂವರೆ ಟನ್ನಿಗೂ ಹೆಚ್ಚು ಇಂಧನ ಸುಟ್ಟಂತಾಯಿತು. ಒಂದು ಮೈಲಿಯೂ ಸಾಗದೆ, ಒಂದು ಚೀಲ ಸರಕೂ ಇಳಿಯದೆ ಹೋದ ಇಂಧನವದು.

ಹಡಗು ಮತ್ತು ಸೌರಶಕ್ತಿಯ ಸಂಬಂಧವನ್ನು ಅರಿಯಲು ನಿಂತ ಹಡಗಿನಿಂದಲೇ ಆರಂಭಿಸುವುದು ಒಳ್ಳೆಯದು. ಸಾಮಾನ್ಯವಾಗಿ ಈ ವಿಷಯದ ಚರ್ಚೆ ಓಡುವ ಹಡಗಿನಿಂದ ಆರಂಭವಾಗುತ್ತದೆ. ಬಿಸಿಲಿನಿಂದಲೇ ಸಾಗರ ದಾಟುವ ದೈತ್ಯ ನೌಕೆಗಳ ಚಿತ್ರ ನೋಡಿ ಕೆಲವರು ಉಬ್ಬುತ್ತಾರೆ, ಸೌರಫಲಕಗಳ ಶಕ್ತಿಯನ್ನು ಎಂಜಿನ್ನಿನ ಶಕ್ತಿಗೆ ಹೋಲಿಸಿ ನೋಡಿದ ಇನ್ನು ಕೆಲವರು ಇದು ಪ್ರಚಾರದ ಗಿಮಿಕ್ ಎಂದು ತಳ್ಳಿಹಾಕುತ್ತಾರೆ. ಹಡಗನ್ನು ತಳ್ಳಲು ಬೇಕಾದ ಶಕ್ತಿ ಬೇರೆ, ಹಡಗಿನೊಳಗಿನ ಬದುಕಿಗೆ ಬೇಕಾದ ಶಕ್ತಿ ಬೇರೆ ಎಂಬುದನ್ನು ಇಬ್ಬರೂ ಮರೆತಿರುತ್ತಾರೆ. ಬಿಸಿಲು ಚದರ ಮೀಟರಿಗೆ ಕೊಡುವ ಶಕ್ತಿ ಸ್ವಲ್ಪವೇ. ಆದ್ದರಿಂದ ತನ್ನ ಬೇಡಿಕೆಯನ್ನು ಮೊದಲು ತಗ್ಗಿಸಿಕೊಂಡ ನೌಕೆಗೆ ಅದು ನಿಜವಾದ ನೆರವಾಗುತ್ತದೆ, ತಗ್ಗಿಸಿಕೊಳ್ಳದ ನೌಕೆಗೆ ಅಲಂಕಾರವಾಗಿ ಉಳಿಯುತ್ತದೆ. ಈ ಲೇಖನದ ವಾದ ಇಷ್ಟೇ. ಉಳಿದದ್ದು ಅದರ ಲೆಕ್ಕ.

ಲೆಕ್ಕ ಹಾಕಲು ಕಾರಣವೂ ಇದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) 2020ರಲ್ಲಿ ಪ್ರಕಟಿಸಿದ ನಾಲ್ಕನೆಯ ಅಧ್ಯಯನದ ಪ್ರಕಾರ, 2018ರಲ್ಲಿ ಮನುಷ್ಯನ ಚಟುವಟಿಕೆಗಳಿಂದ ಹೊರಬಿದ್ದ ಹಸಿರುಮನೆ ಅನಿಲಗಳಲ್ಲಿ ಶೇಕಡಾ 2.89ರಷ್ಟು ಹಡಗುಗಳ ಪಾಲು. ಅಂದರೆ ಇಂಗಾಲದ ಡೈಆಕ್ಸೈಡ್‌ಗೆ ಸಮವಾಗಿ ಹೇಳುವುದಾದರೆ ನೂರು ಕೋಟಿ ಟನ್ನಿಗೂ ಹೆಚ್ಚು. 2023ರ ಜುಲೈನಲ್ಲಿ ಇದೇ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2050ರ ಸುಮಾರಿಗೆ ಈ ಪ್ರಮಾಣವನ್ನು ನಿವ್ವಳ ಸೊನ್ನೆಗೆ ಇಳಿಸುವುದೆಂದೂ, 2008ಕ್ಕೆ ಹೋಲಿಸಿದರೆ 2030ರ ವೇಳೆಗೆ ಕನಿಷ್ಠ ಶೇಕಡಾ 20ರಷ್ಟು ಕಡಿತ ಸಾಧಿಸುವುದೆಂದೂ ಒಪ್ಪಿಕೊಂಡವು. ಅಮೋನಿಯಾ, ಮೆಥನಾಲ್, ಜಲಜನಕದಂಥ ಹೊಸ ಇಂಧನಗಳು ದೊಡ್ಡ ಪ್ರಮಾಣದಲ್ಲಿ ಕೈಗೆ ಸಿಗುವವರೆಗೆ ಉಳಿತಾಯವೊಂದೇ ಎಲ್ಲರ ಕೈಯಲ್ಲಿರುವ ದಾರಿ. ಒಡಲಿಗೆ ಪಾಚಿ, ಚಿಪ್ಪು ಅಂಟದಂತೆ ಬಳಿಯುವ ಬಣ್ಣದಿಂದ ಹಿಡಿದು ಗಾಳಿಯ ರೆಕ್ಕೆಗಳವರೆಗೆ ಹಲವು ಉಪಾಯಗಳು ಸಾಲಿನಲ್ಲಿ ನಿಂತಿವೆ, ಸೌರಫಲಕವೂ ಅವುಗಳಲ್ಲೊಂದು.

ಮೊದಲು ದೊಡ್ಡ ಹಡಗಿನ ಲೆಕ್ಕವನ್ನೇ ಮುಗಿಸಿಬಿಡೋಣ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಜಗತ್ತಿಗೆಲ್ಲ ಪರಿಚಿತವಾದ ‘ಎವರ್ ಗಿವನ್’ 400 ಮೀಟರ್ ಉದ್ದ, 59 ಮೀಟರ್ ಅಗಲದ ಕಂಟೇನರ್ ಹಡಗು. ಅದರ ಮೇಲೆ ಒಂದು ಕಂಟೇನರನ್ನೂ ಇಡದೆ, ತುದಿಯಿಂದ ತುದಿಯವರೆಗೆ ಫಲಕಗಳನ್ನೇ ಹಾಸಿದೆವು ಎಂದುಕೊಳ್ಳೋಣ. ಹತ್ತಿರ ಹತ್ತಿರ 23,600 ಚದರ ಮೀಟರ್ ಆಯಿತು. ಇಂದಿನ ಒಳ್ಳೆಯ ಫಲಕಗಳು ನಡುಮಧ್ಯಾಹ್ನದ ಬಿಸಿಲಿನಲ್ಲಿ ಚದರ ಮೀಟರಿಗೆ 200 ವ್ಯಾಟ್ ಕೊಡುತ್ತವೆ. ಆ ಹೊತ್ತಿಗೆ ಸಿಗುವುದು 4.7 ಮೆಗಾವ್ಯಾಟ್, ರಾತ್ರಿ, ಮುಂಜಾನೆ, ಮೋಡ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಮೆಗಾವ್ಯಾಟ್. ಆ ಹಡಗಿನ ಮುಖ್ಯ ಎಂಜಿನ್ನಿನ ಸಾಮರ್ಥ್ಯವೋ 59.3 ಮೆಗಾವ್ಯಾಟ್. ವೇಗ ತಗ್ಗಿಸಿ ಅರ್ಧ ಬಲದಲ್ಲಿ ಓಡಿಸಿದರೂ ಬಿಸಿಲಿನ ಪಾಲು ಶೇಕಡಾ ಮೂರು ನಾಲ್ಕನ್ನು ದಾಟುವುದಿಲ್ಲ, ಅದೂ ಸರಕೇ ಇಲ್ಲದ ಹಡಗಿನಲ್ಲಿ. ಫಲಕಗಳ ದಕ್ಷತೆ ನಾಳೆ ಇಮ್ಮಡಿಯಾದರೂ ಈ ಚಿತ್ರ ಬದಲಾಗದು. ಸಾಗರ ದಾಟುವ ಸರಕು ಹಡಗನ್ನು ಬಿಸಿಲು ತಳ್ಳುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಈಗ ಜನರೇಟರಿನ ಬಳಿ ಬರೋಣ. ಹಡಗಿನ ಮೇಲೆ 500 ಚದರ ಮೀಟರ್ ಜಾಗ ಹೊಂದಿಸಿ 100 ಕಿಲೊವ್ಯಾಟ್ ಸಾಮರ್ಥ್ಯದ ಫಲಕಗಳನ್ನು ಕೂರಿಸಿದರೆ, ಉಷ್ಣವಲಯದ ಸಮುದ್ರದಲ್ಲಿ ದಿನಕ್ಕೆ 400ರಿಂದ 450 ಯೂನಿಟ್ ಸಿಗಬಹುದು. ಒಂದು ಯೂನಿಟ್ ತಯಾರಿಸಲು ಹಡಗಿನ ಜನರೇಟರ್ 210 ಗ್ರಾಮಿನಷ್ಟು ಇಂಧನ ಸುಡುತ್ತದೆ ಎಂಬ ಲೆಕ್ಕದಲ್ಲಿ ದಿನಕ್ಕೆ 90 ಕಿಲೊ, ವರ್ಷಕ್ಕೆ 30 ಟನ್ ಇಂಧನ ಉಳಿಯುತ್ತದೆ. ಒಂದು ಟನ್ ಇಂಧನ ಉರಿದರೆ ಮೂರು ಟನ್ನಿಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ, ಗಾಳಿಗೆ ಸೇರದೆ ಉಳಿದದ್ದು ತೊಂಬತ್ತಕ್ಕೂ ಹೆಚ್ಚು ಟನ್. ದಿನಕ್ಕೆ ಮೂವತ್ತು ಟನ್ ಸುಡುವ ಮುಖ್ಯ ಎಂಜಿನ್ನಿನ ಎದುರು 90 ಕಿಲೊ ಏನೂ ಅಲ್ಲ ಎನಿಸಬಹುದು. ಆದರೆ ಲಂಗರು ಹಾಕಿ ನಿಂತ ಆ ಹಡಗಿನ 7,200 ಯೂನಿಟ್ ಬೇಡಿಕೆಯ ಎದುರು ಇದೇ ವಿದ್ಯುತ್ತಿನ ಪಾಲು ಶೇಕಡಾ ಆರರಷ್ಟಾಗುತ್ತದೆ. ಹಳೆಯ ಪಂಪು, ಬ್ಲೋವರ್‌ಗಳಿಗೆ ಬೇಡಿಕೆಗೆ ತಕ್ಕಂತೆ ವೇಗ ಬದಲಿಸುವ ಡ್ರೈವ್ ಅಳವಡಿಸಿ, ದೀಪಗಳನ್ನು ಎಲ್‌ಇಡಿಗೆ ಬದಲಿಸಿ, ಹವಾನಿಯಂತ್ರಣದ ಸೋರಿಕೆ ತಡೆದು ಬೇಡಿಕೆಯನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿದರೆ, ಫಲಕಗಳನ್ನು ಮುಟ್ಟದೆಯೇ ಅವುಗಳ ಪಾಲು ಒಂಬತ್ತಕ್ಕೆ ಏರುತ್ತದೆ.

ಈ ಕ್ಷೇತ್ರದಲ್ಲಿ ನಡೆದಿರುವ ಪ್ರಯೋಗಗಳ ಚರಿತ್ರೆಯೂ ಇದೇ ಪಾಠ ಹೇಳುತ್ತದೆ. ಜಪಾನಿನ ಎನ್‌ವೈಕೆ ಕಂಪನಿ 2008ರಲ್ಲಿ ‘ಆರಿಗಾ ಲೀಡರ್’ ಎಂಬ ಕಾರು ಸಾಗಿಸುವ ಹಡಗಿನ ಮೇಲೆ 328 ಫಲಕಗಳನ್ನು, ಅಂದರೆ 40 ಕಿಲೊವ್ಯಾಟ್ ಸಾಮರ್ಥ್ಯವನ್ನು ಅಳವಡಿಸಿತು. ಮುನ್ನಡೆಸುವ ಶಕ್ತಿಯಲ್ಲಿ ಅದರ ಪಾಲು ಶೇಕಡಾ 0.05, ಹಡಗಿನೊಳಗೆ ಬಳಸುವ ವಿದ್ಯುತ್ತಿನಲ್ಲಿ ಶೇಕಡಾ ಒಂದು. ಸಂಖ್ಯೆ ಸಣ್ಣದಾದರೂ ಕಡಲ ಉಪ್ಪು, ಗಾಳಿ, ಅದುರಾಟಗಳನ್ನು ಫಲಕಗಳು ತಾಳಬಲ್ಲವೇ ಎಂಬ ಪ್ರಶ್ನೆಗೆ ಆ ಹಡಗು ಉತ್ತರ ಕೊಟ್ಟಿತು. 2012ರಲ್ಲಿ ಮಿತ್ಸುಯಿ ಒಎಸ್‌ಕೆ ಕಂಪನಿ ನೀರಿಗಿಳಿಸಿದ ‘ಎಮರಾಲ್ಡ್ ಏಸ್’ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ 160 ಕಿಲೊವ್ಯಾಟ್ ಫಲಕಗಳ ಜೊತೆಗೆ 2,200 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗಳಿದ್ದವು. ಯಾನದುದ್ದಕ್ಕೂ ಬಿಸಿಲಿನಿಂದ ಬ್ಯಾಟರಿ ತುಂಬಿಸಿಕೊಂಡು, ಬಂದರು ಸೇರಿದ ಮೇಲೆ ಜನರೇಟರ್ ಆರಿಸಿ ಬ್ಯಾಟರಿಯಿಂದಲೇ ಕೆಲಸ ಸಾಗಿಸುವುದು ಉದ್ದೇಶ. ಫಲಕಗಳು ದಿನಕ್ಕೆ 640 ಯೂನಿಟ್ ಕೊಟ್ಟರೂ ಬ್ಯಾಟರಿ ತುಂಬಲು ಮೂರೂವರೆ ದಿನ ಬೇಕು. ಆದರೆ ಸಾಗರಯಾನಕ್ಕೆ ವಾರಗಳೇ ಹಿಡಿಯುತ್ತವಾದ್ದರಿಂದ ಅದು ಕೊರತೆಯೇ ಅಲ್ಲ. ಬಂದರಿನ ಸುತ್ತ ಜನವಸತಿ ಇರುತ್ತದೆ. ಹೊಗೆಯನ್ನು ನಡುಗಡಲಿನಲ್ಲಿ ತಪ್ಪಿಸುವುದಕ್ಕಿಂತ ಜನರ ಮೂಗಿನ ಬಳಿ ತಪ್ಪಿಸುವುದು ಹೆಚ್ಚು ಬೆಲೆಯುಳ್ಳದ್ದು ಎಂಬ ವಿವೇಕ ಈ ವಿನ್ಯಾಸದಲ್ಲಿದೆ. 2024ರಲ್ಲಿ ಸೇವೆಗೆ ಬಂದ, 9,100 ಕಾರುಗಳನ್ನು ಹೊರುವ ನಾರ್ವೆಯ ‘ಹೋಗ್ ಅರೋರಾ’ದ ಮೇಲ್ಛಾವಣಿಯಲ್ಲಿ 1,500 ಚದರ ಮೀಟರ್ ಫಲಕಗಳಿವೆ. ಜನರೇಟರುಗಳಿಂದ ಪಡೆಯಬೇಕಾದ ವಿದ್ಯುತ್ತಿನಲ್ಲಿ ಶೇಕಡಾ 30ರಿಂದ 35ರಷ್ಟು ಕಡಿಮೆಯಾಗುತ್ತದೆಂದು ಕಂಪನಿ ಹೇಳಿಕೊಂಡಿದೆ.

ಮೂರೂ ಕಾರು ಸಾಗಿಸುವ ಹಡಗುಗಳೇ ಆಗಿರುವುದು ಆಕಸ್ಮಿಕವಲ್ಲ. ಅಂಥ ಹಡಗು ತೇಲುವ ಬಹುಮಹಡಿ ಗ್ಯಾರೇಜಿನಂತೆ; ಕಾರುಗಳೆಲ್ಲ ಒಳಗಿರುತ್ತವೆ, ಮೇಲೆ ವಿಶಾಲವಾದ ಚಪ್ಪಟೆ ಛಾವಣಿ ಖಾಲಿಯಾಗಿರುತ್ತದೆ. ಕಂಟೇನರ್ ಹಡಗಿನಲ್ಲಿ ಆ ಜಾಗವನ್ನು ಸರಕೇ ಆಕ್ರಮಿಸಿರುತ್ತದೆ. ಅದಿರು, ಕಲ್ಲಿದ್ದಲು ಒಯ್ಯುವ ಹಡಗುಗಳಲ್ಲಿ ಡೆಕ್ಕಿನ ಬಹುಭಾಗ ಸರಕಿನ ಗುಂಡಿಗಳ ಬಾಯಿ ಮುಚ್ಚುವ ಹ್ಯಾಚ್ ಮುಚ್ಚಳಗಳದ್ದು. ಅವು ಪ್ರತಿ ಬಂದರಿನಲ್ಲೂ ತೆರೆದು ಮುಚ್ಚುತ್ತವೆ, ಮೇಲಿನಿಂದ ಕ್ರೇನಿನ ಗ್ರಾಬ್ ಓಡಾಡುತ್ತದೆ, ಅದಿರಿನ ದೂಳು ಮಳೆಯಂತೆ ಸುರಿಯುತ್ತದೆ. ತೈಲ ಟ್ಯಾಂಕರುಗಳ ಡೆಕ್ಕು ಕೊಳವೆಗಳ ಜಾಲ. ಉರಿಯುವ ಆವಿ ಸುಳಿದಾಡಬಹುದಾದ ಅಲ್ಲಿ ಒಂದು ಸಡಿಲ ತಂತಿಯ ಕಿಡಿಯೂ ಅಪಾಯ.

ಜಾಗ ಸಿಕ್ಕಿದ ಮೇಲೂ ಕಡಲು ಸುಮ್ಮನಿರುವುದಿಲ್ಲ. ಅಲೆಯ ತುಂತುರು ಗಾಜಿನ ಮೇಲೆ ಬಿದ್ದು ಒಣಗಿದಾಗ ಉಪ್ಪಿನ ತೆಳುಪದರವೊಂದು ಉಳಿಯುತ್ತದೆ. ಬೆರಳಾಡಿಸಿದರೆ ಬಿಳಿಯ ಪುಡಿ ಹತ್ತುತ್ತದೆ, ಚಿಮಣಿಯ ಹತ್ತಿರವಾದರೆ ಅದರ ಜೊತೆ ಮಸಿಯೂ ಬೆರೆತು ಬೂದು ಬಣ್ಣದ ಅಂಟಾಗುತ್ತದೆ. ಇದನ್ನು ತೊಳೆಯಲು ಸಿಹಿನೀರೇ ಬೇಕು. ಓಡುತ್ತಿರುವ ಹಡಗು ಮುಖ್ಯ ಎಂಜಿನ್ನಿನ ಬಿಸಿಯಿಂದ ಸಮುದ್ರದ ನೀರನ್ನು ಬಟ್ಟಿಯಿಳಿಸಿ ಸಿಹಿನೀರು ಮಾಡಿಕೊಳ್ಳುತ್ತದೆ. ಲಂಗರು ಹಾಕಿ ನಿಂತಾಗ ಆ ಬಿಸಿ ಇಲ್ಲವಾದ್ದರಿಂದ ಟ್ಯಾಂಕಿನಲ್ಲಿರುವ ನೀರನ್ನು ಹಿಡಿತದಿಂದ ಬಳಸಬೇಕು. ಫಲಕ ತೊಳೆಯುವ ಕೆಲಸ ಹಿಂದೆ ಬೀಳುವುದು ಆಗಲೇ, ಬಿಸಿಲಿನ ವಿದ್ಯುತ್ ಹೆಚ್ಚು ಬೇಕಾದದ್ದೂ ಆಗಲೇ. ಉಕ್ಕಿನ ಡೆಕ್ಕಿನ ಮೇಲೆ ಅಲ್ಯೂಮಿನಿಯಂ ಚೌಕಟ್ಟನ್ನು ನೇರವಾಗಿ ಬಿಗಿದರೆ, ನಡುವೆ ಉಪ್ಪುನೀರು ಸೇರಿ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಮಧ್ಯಾಹ್ನದ ಡೆಕ್ಕಿನ ಕಾವಿಗೆ ಫಲಕದ ಉಷ್ಣತೆ 65 ಡಿಗ್ರಿ ಮುಟ್ಟಿದರೆ, 25 ಡಿಗ್ರಿಯಲ್ಲಿ ಅಳೆದ ಸಾಮರ್ಥ್ಯಕ್ಕಿಂತ ಶೇಕಡಾ 14ರಷ್ಟು ಕಡಿಮೆ ವಿದ್ಯುತ್ ಸಿಗುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಶೇಕಡಾ 0.35ರಷ್ಟು ಇಳಿಯುವುದು ಸಿಲಿಕಾನಿನ ಗುಣ. ಮನೆಯ ಛಾವಣಿಯಂತೆ ದಕ್ಷಿಣಕ್ಕೆ ಓರೆಯಾಗಿ ಕೂರಿಸೋಣವೆಂದರೆ ಹಡಗಿಗೆ ದಿಕ್ಕೇ ನಿಲ್ಲುವುದಿಲ್ಲ. ಅದು ತಿರುಗಿದಂತೆಲ್ಲ ಕಂಬದ ನೆರಳು, ಕ್ರೇನಿನ ನೆರಳು ಫಲಕಗಳ ಮೇಲೆ ಸರಿದಾಡುತ್ತದೆ. ಸರಣಿಯಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಎಳೆದುಹಾಕಬಲ್ಲದಾದ್ದರಿಂದ, ಪ್ರತಿ ಫಲಕವನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ ಸಾಧನಗಳು ಹಡಗಿನಲ್ಲಿ ಅನಿವಾರ್ಯವಾಗುತ್ತವೆ. ಇವೆಲ್ಲ ಪರಿಹಾರವಿಲ್ಲದ ತೊಂದರೆಗಳೇನಲ್ಲ. ಆದರೆ ನೆಲದ ಮೇಲಿನ ಸೌರ ವಿದ್ಯುತ್ತಿನ ದರವನ್ನೇ ಹಿಡಿದು ಹಡಗಿನ ಲೆಕ್ಕ ಬರೆಯುವವರು ಇವನ್ನು ಮರೆತಿರುತ್ತಾರೆ.

ಫಲಕಕ್ಕಿಂತ ಬ್ಯಾಟರಿಯೇ ಹೆಚ್ಚು ಉಳಿಸಿಕೊಡುವ ಸಂದರ್ಭಗಳೂ ಇವೆ ಎಂಬುದನ್ನು ಇಲ್ಲಿ ಹೇಳಬೇಕು. ಹಡಗು ಬಂದರನ್ನು ಹೊಕ್ಕು ಹೊರಡುವಾಗ, ಇಕ್ಕಟ್ಟಾದ ಕಾಲುವೆ ದಾಟುವಾಗ, ಒಂದು ಜನರೇಟರ್ ಕೈಕೊಟ್ಟರೂ ಚುಕ್ಕಾಣಿಗೆ ವಿದ್ಯುತ್ ತಪ್ಪಬಾರದೆಂದು ಎರಡನ್ನು ಒಟ್ಟಿಗೆ ಓಡಿಸುತ್ತಾರೆ. ಎರಡರ ಮೇಲೂ ಬೀಳುವ ಹೊರೆ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಕಡಿಮೆ ಹೊರೆಯಲ್ಲಿ ಓಡುವ ಡೀಸೆಲ್ ಎಂಜಿನ್ ಯೂನಿಟ್ಟಿಗೆ ಹೆಚ್ಚು ಇಂಧನ ಕುಡಿಯುತ್ತದೆ, ಒಳಗೆ ಮಸಿ ಕಟ್ಟುತ್ತದೆ, ದುರಸ್ತಿಯನ್ನು ಬೇಗ ಬೇಡುತ್ತದೆ. ತಟ್ಟನೆ ಹೊರೆ ಹೊರಬಲ್ಲ ಬ್ಯಾಟರಿಯೊಂದು ಜೊತೆಗಿದ್ದರೆ ಎರಡನೆಯ ಜನರೇಟರಿನ ಕಾವಲು ಕೆಲಸವನ್ನು ಅದೇ ಮಾಡಬಹುದು. ಒಂದೇ ಜನರೇಟರ್ ಒಳ್ಳೆಯ ಹೊರೆಯಲ್ಲಿ ಓಡುತ್ತದೆ. ಹೀಗೆ ಬ್ಯಾಟರಿ ಇದ್ದ ಹಡಗಿಗೆ ಬಿಸಿಲನ್ನು ಸೇರಿಸುವುದು ಸುಲಭ, ಬ್ಯಾಟರಿ ಇಲ್ಲದ ಹಡಗಿಗೆ ಬರಿಯ ಫಲಕ ಹೊದಿಸಿದರೆ ಓಡುತ್ತಿರುವ ಜನರೇಟರಿನ ಹೊರೆ ಇನ್ನಷ್ಟು ಇಳಿದು ಅದರ ದಕ್ಷತೆ ಕೆಡುವ ಸಾಧ್ಯತೆಯೂ ಇದೆ.

ಹೋಲಿಕೆಗೆ ಗಾಳಿಯನ್ನೂ ನೋಡಬೇಕು. 2023ರಲ್ಲಿ ‘ಪಿಕ್ಸಿಸ್ ಓಷನ್’ ಎಂಬ ಸರಕು ಹಡಗಿನ ಡೆಕ್ಕಿನ ಮೇಲೆ 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿಗಳನ್ನು ನಿಲ್ಲಿಸಲಾಯಿತು. ಮೊದಲ ಆರು ತಿಂಗಳ ಪ್ರಯೋಗದಲ್ಲಿ ಅವು ದಿನಕ್ಕೆ ಸರಾಸರಿ ಮೂರು ಟನ್ ಇಂಧನ ಉಳಿಸಿದವು. ನಮ್ಮ 100 ಕಿಲೊವ್ಯಾಟ್ ಫಲಕಗಳು ಉಳಿಸುವ 90 ಕಿಲೊಗೆ ಇದು ಮೂವತ್ತು ಪಟ್ಟಿಗೂ ಹೆಚ್ಚು. ಸಾಗರದಲ್ಲಿ ಓಡುವ ಹಡಗಿಗೆ ಗಾಳಿಯೇ ಸಹಜ ಮಿತ್ರ. ಹಣ ಒಂದಕ್ಕೇ ಸಾಕಾಗುವಷ್ಟಿದ್ದರೆ ಅಂಥ ಹಡಗಿನ ಮಾಲೀಕ ಮೊದಲು ಹಾಯಿಯತ್ತ ನೋಡುವುದು ಸರಿ ಎಂದೇ ನಾನು ಹೇಳುತ್ತೇನೆ. ನಿಂತ ಹಡಗಿನ ಅಡುಗೆಮನೆಗೆ ಮಾತ್ರ ಆ ಹಾಯಿಯಿಂದ ಪ್ರಯೋಜನವಿಲ್ಲ.

ಬಿಸಿಲು ಪೂರ್ತಿಯಾಗಿ ಗೆಲ್ಲುವ ಜಾಗ ಬೇರೆಯೇ ಇದೆ, ಅದನ್ನು ತಿಳಿಯಲು ವೇಗದ ಗಣಿತ ಬೇಕು. ನೀರಿನಲ್ಲಿ ಸಾಗುವ ನೌಕೆಗೆ ಬೇಕಾದ ಬಲ (ಪವರ್) ವೇಗದ ಘನದ ಅನುಪಾತದಲ್ಲಿ ಏರುತ್ತದೆ ಎಂಬುದು ಸ್ಥೂಲ ನಿಯಮ. ವೇಗವನ್ನು ಶೇಕಡಾ ಹತ್ತರಷ್ಟು ತಗ್ಗಿಸಿದರೆ ಬೇಕಾಗುವ ಬಲ ಶೇಕಡಾ 27ರಷ್ಟು ಇಳಿಯುತ್ತದೆ. ದಾರಿಗೆ ಹೆಚ್ಚು ಹೊತ್ತು ಹಿಡಿದರೂ ಅದೇ ದೂರಕ್ಕೆ ತಗಲುವ ಒಟ್ಟು ಶಕ್ತಿಯಲ್ಲಿ ಶೇಕಡಾ 19 ಉಳಿಯುತ್ತದೆ. 2010ರ ಸೆಪ್ಟೆಂಬರಿನಲ್ಲಿ ಮೊನಾಕೊದಿಂದ ಹೊರಟು 2012ರ ಮೇ 4ರಂದು ಅಲ್ಲಿಗೇ ಮರಳಿದ ‘ಪ್ಲಾನೆಟ್ ಸೋಲಾರ್’ ನೌಕೆ ಬಿಸಿಲಿನಿಂದಲೇ ಭೂಮಿಯನ್ನು ಸುತ್ತಿಬಂದದ್ದು ಈ ನಿಯಮವನ್ನು ನಂಬಿಯೇ. 537 ಚದರ ಮೀಟರ್ ಫಲಕಗಳಿದ್ದ ಅದು 584 ದಿನಗಳಲ್ಲಿ 60,000 ಕಿಲೊಮೀಟರ್ ದಾಟಿತು. ನಿಂತ ದಿನಗಳನ್ನು ಬಿಟ್ಟು, ಓಡುವಾಗಿನ ಸರಾಸರಿ ವೇಗ ಐದು ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೊಮೀಟರ್. ಸಾಗಿಸಿದ ಸರಕು ಇಲ್ಲ ಎನ್ನುವಷ್ಟು. ಸಾಹಸವಾಗಿ ಅದು ದೊಡ್ಡದು. ದಿನನಿತ್ಯದ ಸಾರಿಗೆಗೆ ಹೊಂದುವ ಉತ್ತರ ದೊರೆತದ್ದು ಮಾತ್ರ ನಮ್ಮ ನೆರೆಯ ಕೇರಳದಲ್ಲಿ.

ವೆಂಬನಾಡು ಹಿನ್ನೀರಿನ ವೈಕಂ ಮತ್ತು ತವಣಕಡವು ನಡುವೆ 2017ರ ಜನವರಿಯಿಂದ ‘ಆದಿತ್ಯ’ ಎಂಬ ದೋಣಿ ಓಡುತ್ತಿದೆ. ಕೇರಳ ರಾಜ್ಯ ಜಲಸಾರಿಗೆ ಇಲಾಖೆಗಾಗಿ ಕೊಚ್ಚಿಯ ನವಾಲ್ಟ್ ಸಂಸ್ಥೆ ಕಟ್ಟಿಕೊಟ್ಟ, 75 ಪ್ರಯಾಣಿಕರ ದೋಣಿಯಿದು. ಉದ್ದ 20 ಮೀಟರ್, ಅಗಲ 7 ಮೀಟರ್. ಛಾವಣಿಯ ಮೇಲೆ 20 ಕಿಲೊವ್ಯಾಟ್ ಫಲಕಗಳು, ಒಳಗೆ 50 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ, 20 ಕಿಲೊವ್ಯಾಟಿನ ಎರಡು ಮೋಟಾರುಗಳು. ಹದಿನೈದು ನಿಮಿಷದ ದಾರಿ, ದಿನಕ್ಕೆ ಇಪ್ಪತ್ತೆರಡು ಸಲದ ಓಡಾಟ. ಡೀಸೆಲ್ ದೋಣಿಯಿಂದ ಇಳಿದು ಇದಕ್ಕೆ ಹತ್ತಿದವರ ಗಮನಕ್ಕೆ ಮೊದಲು ಬರುವುದು ಕಾಲಡಿಯ ಹಲಗೆ ಅದುರದಿರುವುದು. ಪಕ್ಕದವರೊಂದಿಗೆ ಕೂಗಿ ಮಾತಾಡಬೇಕಾಗಿಲ್ಲ, ಬಟ್ಟೆಗೆ ಹೊಗೆಯ ವಾಸನೆ ಹತ್ತುವುದಿಲ್ಲ, ಒಡಲಿಗೆ ನೀರು ಸವರಿಕೊಂಡು ಹೋಗುವ ಸದ್ದು ಕೇಳುತ್ತದೆ.

ಮೊದಲ ಮೂರು ವರ್ಷಗಳಲ್ಲಿ ಈ ಒಂದೇ ದೋಣಿ ಲಕ್ಷ ಲೀಟರ್ ಡೀಸೆಲ್ ಉಳಿಸಿತು; ಅಂದರೆ ದಿನಕ್ಕೆ ಸರಾಸರಿ 90 ಲೀಟರ್. ಈ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಇಡೀ ವಿಷಯದ ತಿರುಳು ಕೈಗೆ ಸಿಗುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿದೆ. 90 ಲೀಟರಿನಲ್ಲಿ 900 ಯೂನಿಟ್. 20 ಕಿಲೊವ್ಯಾಟ್ ಫಲಕಗಳು ಕೇರಳದ ಬಿಸಿಲಿಗೆ ದಿನಕ್ಕೆ ಕೊಡುವುದು ಹೆಚ್ಚೆಂದರೆ 80 ಯೂನಿಟ್. ಕೊರತೆ ಬಿದ್ದಷ್ಟನ್ನು ದಡದ ವಿದ್ಯುತ್ತಿನಿಂದ ತುಂಬಿಸುತ್ತಾರೆ. 900 ಯೂನಿಟ್ ಮಾಡುತ್ತಿದ್ದ ಕೆಲಸವನ್ನು ನೂರರ ಆಸುಪಾಸಿನ ಯೂನಿಟ್ ಹೇಗೆ ಮಾಡಿತು? ಡೀಸೆಲ್ ಎಂಜಿನ್ನಿನಲ್ಲಿ ಮೂರನೆಯ ಎರಡು ಭಾಗ ಶಕ್ತಿ ಬಿಸಿಯಾಗಿ ಹೋಗುತ್ತದೆ, ಮೋಟಾರಿನಲ್ಲಿ ಹತ್ತನೆಯ ಒಂದು ಭಾಗವಷ್ಟೇ ಹೋಗುತ್ತದೆ. ಜನ ಹತ್ತಿ ಇಳಿಯುವ ಹೊತ್ತಿನಲ್ಲಿ ಎಂಜಿನ್ ಸುಮ್ಮನೆ ಉರಿಯುತ್ತಿರುತ್ತದೆ, ಮೋಟಾರು ಏನನ್ನೂ ಬೇಡದೆ ನಿಂತಿರುತ್ತದೆ. ಇವೆರಡಕ್ಕೂ ಮಿಗಿಲಾದದ್ದು ಒಡಲಿನ ವಿನ್ಯಾಸ: ಅಗಲವಾದ ಒಂದು ಭಾರದ ಒಡಲಿನ ಬದಲು ಫೈಬರ್‌ಗ್ಲಾಸಿನ ಎರಡು ಸಪೂರ ಒಡಲುಗಳನ್ನು ಜೋಡಿಸಿರುವುದರಿಂದ ನೀರು ಕಡಿಮೆ ಅಡ್ಡಿ ಮಾಡುತ್ತದೆ, ಮೇಲೆ ಫಲಕ ಹರಡಲು ಅಗಲವಾದ ಛಾವಣಿಯೂ ಸಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿನ್ಯಾಸವಿದು. ಇದೇ ಫಲಕಗಳನ್ನು ಹಳೆಯ ಭಾರದ ದೋಣಿಯೊಂದರ ನೆತ್ತಿಗೆ ಹೊದಿಸಿದ್ದರೆ ಮಧ್ಯಾಹ್ನದೊಳಗೆ ಬ್ಯಾಟರಿ ಬರಿದಾಗುತ್ತಿತ್ತು.

ಇಲ್ಲಿಂದ ನಿಯಮಗಳ ಕಡೆಗೆ ಹೊರಳಿದರೆ ಲಂಗರು ಹಾಕಿದ ಹಡಗು ಮತ್ತೆ ಎದುರಾಗುತ್ತದೆ. 2023ರ ಜನವರಿಯಿಂದ, ಅಂತರರಾಷ್ಟ್ರೀಯ ಯಾನ ಮಾಡುವ 5,000 ಟನ್ನೇಜಿಗೂ ಮೇಲ್ಪಟ್ಟ ಹಡಗುಗಳಿಗೆ ಐಎಂಒ ವರ್ಷಕ್ಕೊಮ್ಮೆ ‘ಎ’ಯಿಂದ ‘ಇ’ವರೆಗೆ ಇಂಗಾಲದ ಶ್ರೇಣಿ ಕೊಡುವ ವ್ಯವಸ್ಥೆ ತಂದಿದೆ. ವರ್ಷವಿಡೀ ಸುಟ್ಟ ಇಂಧನದ ಇಂಗಾಲವನ್ನು ಹಡಗಿನ ಸಾಮರ್ಥ್ಯ ಮತ್ತು ಸಾಗಿದ ದೂರದ ಗುಣಲಬ್ಧದಿಂದ ಭಾಗಿಸಿ ಈ ಶ್ರೇಣಿ ನಿರ್ಧಾರವಾಗುತ್ತದೆ. ಸತತ ಮೂರು ವರ್ಷ ‘ಡಿ’ ಅಥವಾ ಒಂದೇ ವರ್ಷ ‘ಇ’ ಬಂದರೆ ತಿದ್ದುಪಡಿ ಯೋಜನೆ ಸಲ್ಲಿಸಬೇಕು. ಲಂಗರಿನಲ್ಲಿ ಕಾಯುವ ಹಡಗಿನ ಲೆಕ್ಕದಲ್ಲಿ ಅಂಶ ಏರುತ್ತ ಹೋಗುತ್ತದೆ, ಛೇದದಲ್ಲಿರುವ ದೂರ ಇದ್ದಲ್ಲೇ ಇರುತ್ತದೆ. ಕಾದಷ್ಟೂ ಶ್ರೇಣಿ ಕೆಡುತ್ತದೆ. ಬಂದರಿನ ನಿಧಾನಕ್ಕೆ ಹಡಗಿನ ಮೇಲೆ ಅಂಕ ಕಳೆಯುವ ಈ ಪದ್ಧತಿ ನ್ಯಾಯವೇ ಎಂಬ ತಕರಾರು ಹಡಗು ಮಾಲೀಕರದ್ದು, ಅದರಲ್ಲಿ ಸತ್ಯಾಂಶವಿದೆ. ಆದರೆ ನಿಯಮ ಇರುವವರೆಗೆ, ನಿಂತಾಗ ಉಳಿದ ಪ್ರತಿ ಕಿಲೊ ಇಂಧನವೂ ಶ್ರೇಣಿಯನ್ನು ನೇರವಾಗಿ ಕಾಯುತ್ತದೆ. ಇಂಗಾಲಕ್ಕೆ ಬೆಲೆ ಕಟ್ಟುವ ಐಎಂಒ ಚೌಕಟ್ಟು 2025ರ ಏಪ್ರಿಲಿನಲ್ಲಿ ಪ್ರಾಥಮಿಕ ಒಪ್ಪಿಗೆ ಪಡೆದು, ಅಮೆರಿಕದ ತೀವ್ರ ವಿರೋಧದ ನಡುವೆ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದಕ್ಕೆ ಹೋಯಿತು. ಐರೋಪ್ಯ ಒಕ್ಕೂಟ ಮಾತ್ರ 2024ರಿಂದಲೇ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳನ್ನು, ಉಗುಳಿದ ಇಂಗಾಲಕ್ಕೆ ಹಣ ತೆರಬೇಕಾದ ಇಂಗಾಲದ ಮಾರುಕಟ್ಟೆಯೊಳಕ್ಕೆ ತಂದಿದೆ.

ಹಾಗಾದರೆ ಫಲಕಗಳು ಹಡಗಿನ ಮೇಲೆಯೇ ಇರಬೇಕೆ? ದಡದಿಂದ ಕೇಬಲ್ ಕೊಟ್ಟು ಜನರೇಟರ್ ಆರಿಸುವ ವ್ಯವಸ್ಥೆ ಇರುವ ಬಂದರಿನಲ್ಲಿ ಹಾಗಿರಬೇಕಾಗಿಲ್ಲ. ನೆಲದ ಮೇಲಿನ ಫಲಕಕ್ಕೆ ಅಲೆಯ ಏಟಿಲ್ಲ, ಸರಿಯಾದ ಓರೆಯಲ್ಲಿ ಕೂರುತ್ತದೆ, ತೊಳೆಯುವುದು ಸುಲಭ, ಖರ್ಚೂ ಕಡಿಮೆ. ನವಮಂಗಳೂರು ಬಂದರು ಸುಮಾರು 5 ಮೆಗಾವ್ಯಾಟ್ ಸೌರ ಘಟಕಗಳನ್ನು ತನ್ನ ಆವರಣದಲ್ಲಿ ಈಗಾಗಲೇ ಹೊಂದಿದೆ. ಕೇಂದ್ರದ ಬಂದರು ಸಚಿವಾಲಯ 2023ರಲ್ಲಿ ಹೊರಡಿಸಿದ ‘ಹರಿತ್ ಸಾಗರ್’ ಮಾರ್ಗಸೂಚಿಯೂ ಹಡಗುಗಳಿಗೆ ದಡದ ವಿದ್ಯುತ್ ಕೊಡುವುದಕ್ಕೆ ಒತ್ತು ನೀಡಿದೆ. ಧಕ್ಕೆಗೆ ಕಟ್ಟಿದ ಹಡಗಿಗೆ ದಡದ ತಂತಿಯೇ ಉತ್ತಮ. ತಂತಿ ಎಟುಕದ ಲಂಗರುದಾಣದಲ್ಲಿ ಮತ್ತು ನಡುಗಡಲಿನಲ್ಲಿ ಹಡಗಿನ ಮೇಲಿನ ಫಲಕಕ್ಕೆ ಅರ್ಥವಿದೆ. 2017ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆಯ ಸಮೀಕ್ಷಾ ಹಡಗು ‘ಐಎನ್‌ಎಸ್ ಸರ್ವೇಕ್ಷಕ್’ ತನ್ನ ಹೆಲಿಕಾಪ್ಟರ್ ಹ್ಯಾಂಗರಿನ ಛಾವಣಿಯ ಮೇಲೆ 5.4 ಕಿಲೊವ್ಯಾಟ್ ಫಲಕ ಹಾಕಿಕೊಂಡು ದೀಪಗಳಂಥ ಹೊರೆಯನ್ನು ಅದಕ್ಕೆ ವಹಿಸಿತು. ಗಾತ್ರ ಚಿಕ್ಕದು, ಆದರೆ ಯಾವ ಹೊರೆಯನ್ನು ಬಿಸಿಲಿಗೆ ಒಪ್ಪಿಸಬೇಕೆಂಬ ಆಯ್ಕೆ ಸರಿಯಾದದ್ದು.

ಕರ್ನಾಟಕದ ಮಟ್ಟಿಗೆ ವೈಕಂ ಮಾದರಿ ಹೆಚ್ಚು ಹತ್ತಿರದ್ದು. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸಿಗಂದೂರಿನ ಭಕ್ತರನ್ನೂ ತುಮರಿ ಕಡೆಯ ಊರವರನ್ನೂ ಬಸ್ಸು ಕಾರುಗಳ ಸಮೇತ ದಶಕಗಳ ಕಾಲ ದಾಟಿಸಿದ ಲಾಂಚಿನ ಕೆಲಸವನ್ನು 2025ರ ಜುಲೈ 14ರಂದು ಉದ್ಘಾಟನೆಯಾದ 2.44 ಕಿಲೊಮೀಟರ್ ಸೇತುವೆ ವಹಿಸಿಕೊಂಡಿದೆ. ಆದರೆ ಮುಪ್ಪಾನೆಯಂಥ ಕಡವುಗಳ ಜನ ಲಾಂಚನ್ನೇ ನಂಬಿ ಬದುಕಿದ್ದಾರೆ. ಕರಾವಳಿಯಲ್ಲಿ ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ತದಡಿಯಿಂದ ಅಘನಾಶಿನಿಗೆ ಹೊಳೆ ದಾಟಿಸುವ ದೋಣಿಗಳ ದಾರಿ ಕೆಲವೇ ನಿಮಿಷಗಳದ್ದು. ದೂರ ಕಡಿಮೆ, ವೇಗ ಕಡಿಮೆ, ದಡದಲ್ಲಿ ಆಗಾಗ ನಿಲುಗಡೆ, ರಾತ್ರಿ ವಿಶ್ರಾಂತಿ: ಆದಿತ್ಯ ಗೆದ್ದದ್ದು ಈ ನಾಲ್ಕು ಅನುಕೂಲಗಳಿಂದಲೇ. ಒಳನಾಡಿನ ಪ್ರಯಾಣಿಕ ದೋಣಿಗಳನ್ನು 2045ರೊಳಗೆ ಪೂರ್ತಿಯಾಗಿ ಹಸಿರು ಇಂಧನಕ್ಕೆ ತಿರುಗಿಸಬೇಕೆಂದು 2024ರ ಜನವರಿಯ ‘ಹರಿತ್ ನೌಕಾ’ ಮಾರ್ಗಸೂಚಿ ಹೇಳಿದೆ. ಅದರ ಮೊದಲ ಹೆಜ್ಜೆಗೆ ಇಂಥ ಕಡವುಗಳಿಗಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ.

ನಮ್ಮ ಮಳೆಗಾಲವನ್ನು ಮಾತ್ರ ಲೆಕ್ಕದಿಂದ ಬಿಡುವಂತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಆಕಾಶದಲ್ಲಿ ಫಲಕಗಳ ಉತ್ಪಾದನೆ ಬೇಸಿಗೆಯ ಅರ್ಧಕ್ಕಿಂತಲೂ ಕೆಳಗಿಳಿಯುವ ದಿನಗಳು ಸಾಲುಸಾಲಾಗಿ ಬರುತ್ತವೆ, ಹೊಳೆಯ ಸೆಳೆತವೂ ಆಗಲೇ ಹೆಚ್ಚು. ಆ ತಿಂಗಳುಗಳಲ್ಲಿ ಬ್ಯಾಟರಿಯನ್ನು ದಡದಿಂದ ತುಂಬಿಸುವ ಏರ್ಪಾಡು ಕಡವಿನಲ್ಲೇ ಇರಬೇಕು. ಶರಾವತಿಯ ಮಟ್ಟಿಗೆ ಅದೇ ಹಿನ್ನೀರು ಲಿಂಗನಮಕ್ಕಿಯಿಂದ ಇಳಿದು ವಿದ್ಯುತ್ ಹುಟ್ಟಿಸುತ್ತಿರುತ್ತದೆ. ಟೆಂಡರ್ ಬರೆಯುವಾಗ ಫಲಕ ಎಷ್ಟು ಕಿಲೊವ್ಯಾಟ್ ಎಂದು ಕೇಳಿ ಸುಮ್ಮನಾಗದೆ, ತುಂಬಿದ ದೋಣಿ ಒಂದು ಕಿಲೊಮೀಟರಿಗೆ ಎಷ್ಟು ಯೂನಿಟ್ ಮೀರಬಾರದೆಂಬುದನ್ನು ಮೊದಲ ಷರತ್ತಾಗಿ ಇಡಬೇಕು. ಅದಕ್ಕೆ ಆಧಾರವಾಗಿ, ಈಗ ಓಡುತ್ತಿರುವ ಪ್ರತಿ ಲಾಂಚಿಗೂ ದೋಣಿಗೂ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟು ಕಾಲ ದಾಟಿದ ಸಲ, ಹೊತ್ತ ಜನ, ತುಂಬಿಸಿದ ಡೀಸೆಲ್ ಮೂರನ್ನೂ ದಿನದಿನವೂ ಬರೆದಿಡುವ ಕೆಲಸ ಇಂದೇ ಶುರುವಾಗಬಹುದು.